ಬಾಯಿಬಿಟ್ಟು ಯೋಚಿಸಿ: ಟೆಕ್ನಿಕಲ್ ಮತ್ತು ಕೇಸ್ ಸ್ಟಡಿ ಇಂಟರ್‌ವ್ಯೂಗೆ ತಯಾರಾಗುವ ಸಮಗ್ರ ಮಾರ್ಗದರ್ಶಿ

ಭಾನುವಾರ ಬೆಳಗ್ಗೆ ತುಮಕೂರಿನ ನಮ್ಮ ಮನೆಗೆ ನಾಲ್ಕೈದು ಹುಡುಗ ಹುಡುಗಿಯರು ಬರುತ್ತಾರೆ. ಒಬ್ಬರು ಎಂಜಿನಿಯರಿಂಗ್ ಕೊನೆ ವರ್ಷ, ಒಬ್ಬರು ಡಿಪ್ಲೊಮಾ ಮುಗಿಸಿದವರು, ಇನ್ನೊಬ್ಬರು ಎಂಬಿಎ ಓದುತ್ತಿರುವವರು. ಊಟದ ಟೇಬಲ್‌ನ ಒಂದು ಕಡೆ ನಾನು, ಎದುರಿಗೆ ಅವರಲ್ಲಿ ಒಬ್ಬರು. ಅರ್ಧ ಗಂಟೆ ಇಂಟರ್‌ವ್ಯೂ ನಡೆಯುತ್ತದೆ. ಉಳಿದವರು ನೋಡುತ್ತಾ ನೋಟ್ಸ್ ಬರೆದುಕೊಳ್ಳುತ್ತಾರೆ.

ಪ್ರತಿ ವಾರ ಕಣ್ಣಿಗೆ ಬೀಳುವುದು ಒಂದೇ. ವಿಷಯ ಗೊತ್ತಿರುತ್ತದೆ, ಬಾಯಿಗೆ ಬರುವುದಿಲ್ಲ. ಪ್ರಶ್ನೆ ಕೇಳಿದ ತಕ್ಷಣ ತಲೆ ಬಗ್ಗಿಸುತ್ತಾರೆ, ಪೇಪರ್ ಮೇಲೆ ಏನೋ ಗೀಚುತ್ತಾರೆ, ಐದು ನಿಮಿಷ ಮಾತೇ ಇಲ್ಲ. ಆಮೇಲೆ ಒಂದು ಉತ್ತರ ಹೇಳಿ ನನ್ನ ಮುಖ ನೋಡುತ್ತಾರೆ. ತಪ್ಪು ಅವರದಲ್ಲ. ಹದಿನೈದು ವರ್ಷ ನಾವು ಅವರಿಗೆ ಕಲಿಸಿದ್ದು ಅದನ್ನೇ. ಪರೀಕ್ಷೆ ಹಾಲ್‌ನಲ್ಲಿ ಬಾಯಿಬಿಟ್ಟರೆ ಬೈಗುಳ. ಇಂಟರ್‌ವ್ಯೂ ರೂಮಿನಲ್ಲಿ ಬಾಯಿಬಿಡದಿದ್ದರೆ ಕೆಲಸವೇ ಇಲ್ಲ.

ನನಗೂ ಹಾಗೇ ಆಗಿತ್ತು. ಬೆಂಗಳೂರಿನ ಒಂದು ಕಂಪನಿಯಲ್ಲಿ ನನ್ನ ಮೊದಲ ಟೆಕ್ನಿಕಲ್ ರೌಂಡ್. ಪ್ರೋಗ್ರಾಂ ಬರೆದೆ, ಸರಿಯಾಗೇ ಬರೆದೆ. ಆದರೆ ಇಪ್ಪತ್ತು ನಿಮಿಷ ಒಂದು ಮಾತೂ ಆಡಲಿಲ್ಲ. ಆಯ್ಕೆ ಆಗಲಿಲ್ಲ. ಯಾಕೆ ಅಂತ ಕೇಳಿದಾಗ ಇಂಟರ್‌ವ್ಯೂ ಮಾಡಿದ ಮೇಡಂ ಹೇಳಿದರು: "ನೀವು ಹೇಗೆ ಯೋಚನೆ ಮಾಡ್ತೀರಿ ಅಂತ ನನಗೆ ಗೊತ್ತೇ ಆಗಲಿಲ್ಲ." ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಯಾವ ಹೆಜ್ಜೆಗೆ ಹೋದರೂ ನಾನು ಅಲ್ಲಿಗೇ ಬರುತ್ತೇನೆ.

ಹೆಜ್ಜೆ 1: ಯಾವ ಇಂಟರ್‌ವ್ಯೂ ಅಂತ ಮೊದಲು ತಿಳಿದುಕೊಳ್ಳಿ

ಕಾಲ್ ಲೆಟರ್ ಬಂದ ದಿನವೇ ಎಚ್‌ಆರ್‌ಗೆ ಫೋನ್ ಮಾಡಿ ಅಥವಾ ಮೇಲ್ ಹಾಕಿ. ಎಷ್ಟು ರೌಂಡ್, ಪ್ರತಿ ರೌಂಡ್ ಎಷ್ಟು ಹೊತ್ತು, ಕೋಡಿಂಗ್ ಕಂಪ್ಯೂಟರ್ ಮೇಲೋ ಪೇಪರ್ ಮೇಲೋ, ಕೇಸ್ ಸ್ಟಡಿ, ಅಂದರೆ ಒಂದು ವ್ಯಾಪಾರದ ಅಥವಾ ಕೆಲಸದ ಸಮಸ್ಯೆ ಕೊಟ್ಟು ಬಿಡಿಸಲು ಹೇಳುವುದು, ಇದೆಯೋ ಇಲ್ಲವೋ ಕೇಳಿ. ಕೇಳಿದರೆ ಏನಂದುಕೊಳ್ಳುತ್ತಾರೋ ಅನ್ನುವ ಸಂಕೋಚ ಬೇಡ. ಇದನ್ನು ಕೇಳುವುದು ಮಾಮೂಲಿ.

ಆಮೇಲೆ ಕೆಲಸದ ವಿವರ ಇರುವ ಕಾಗದವನ್ನು, ಎಲ್ಲರೂ ಜೆಡಿ ಅನ್ನುತ್ತಾರಲ್ಲ ಅದನ್ನು, ಪೆನ್ನು ಹಿಡಿದು ಓದಿ. ಅದರಲ್ಲಿ ಎರಡು ಮೂರು ಸಲ ಬಂದ ಪದಗಳಿಗೆ ಗೆರೆ ಹಾಕಿ. ಜಾವಾ ಅಂತ ಮೂರು ಕಡೆ ಇದ್ದು ಪೈಥಾನ್ ಒಂದು ಕಡೆ ಇದ್ದರೆ, ನಿಮ್ಮ ಸಮಯವೂ ಅದೇ ಲೆಕ್ಕದಲ್ಲಿ ಹಂಚಿಹೋಗಬೇಕು.

ಕಂಪನಿ ಏನು ಮಾಡುತ್ತದೆ ಅಂತಲೂ ಒಂದು ಗಂಟೆ ಓದಿ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ ಹೋಗುವವರು, ಅದು 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು, ಅಲ್ಲಿಗೆ ಮೊದಲು ಅಂದುಕೊಂಡಿದ್ದು ಲಘು ಹೆಲಿಕಾಪ್ಟರ್, ಅದಕ್ಕೆ ಒಂದೇ ಎಂಜಿನ್ ಅನ್ನುವುದನ್ನಾದರೂ ತಿಳಿದು ಹೋಗಬೇಕು. ಇಷ್ಟು ಗೊತ್ತಿದ್ದರೆ "ನಮ್ಮಲ್ಲೇ ಯಾಕೆ ಕೆಲಸ ಬೇಕು?" ಅಂದಾಗ ಹೇಳಲು ಏನಾದರೂ ಇರುತ್ತದೆ.

ಹೆಜ್ಜೆ 2: ರೆಸ್ಯೂಮೆಯ ಪ್ರತಿ ಸಾಲಿಗೂ ನೀವೇ ಜವಾಬ್ದಾರಿ

ರೆಸ್ಯೂಮೆಯಲ್ಲಿ ಬರೆದದ್ದೆಲ್ಲ ಪ್ರಶ್ನೆ ಆಗುತ್ತದೆ. "ಮಷಿನ್ ಲರ್ನಿಂಗ್ ಗೊತ್ತು" ಅಂತ ಬರೆದು, ಓವರ್‌ಫಿಟ್ಟಿಂಗ್ ಅಂದರೇನು ಅಂತ ಕೇಳಿದಾಗ ಸುಮ್ನೆ ಕೂತರೆ ಉಳಿದ ಸಾಲುಗಳ ಮೇಲೂ ನಂಬಿಕೆ ಹೋಗುತ್ತದೆ. ಹತ್ತು ನಿಮಿಷ ಮಾತಾಡಲು ಆಗದ ವಿಷಯವನ್ನು ತೆಗೆದುಹಾಕಿ.

ಪ್ರಾಜೆಕ್ಟ್ ಬಗ್ಗೆ ಒಂದು ಮಾತು. ನಮ್ಮ ಕಡೆಯ ಮಕ್ಕಳು ಎಲ್ಲದಕ್ಕೂ "ನಾವು ಮಾಡಿದ್ವಿ" ಅನ್ನುತ್ತಾರೆ. ಮನೆಯಲ್ಲಿ ಕಲಿತ ಒಳ್ಳೆಯ ಗುಣ ಅದು, ನನಗೆ ಇಷ್ಟ. ಆದರೆ ಎದುರಿಗೆ ಕೂತವರಿಗೆ ನಾಲ್ಕು ಜನರಲ್ಲಿ ನೀವು ಏನು ಮಾಡಿದಿರಿ ಅಂತ ತಿಳಿಯಬೇಕಲ್ವಾ? "ಟೀಮ್‌ನಲ್ಲಿ ನಾಲ್ಕು ಜನ ಇದ್ವಿ, ಡೇಟಾಬೇಸ್ ಭಾಗ ನಾನು ಮಾಡಿದೆ" ಅನ್ನಿ. ಅದು ಜಂಬ ಅಲ್ಲ.

ಪ್ರತಿ ಪ್ರಾಜೆಕ್ಟ್‌ಗೂ ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ: ಏನು ಸಮಸ್ಯೆ ಇತ್ತು, ನಿಮ್ಮ ಪಾಲಿಗೆ ಯಾವ ಕೆಲಸ ಬಂತು, ಹೇಗೆ ಮಾಡಿದಿರಿ, ಕೊನೆಗೆ ಏನಾಯಿತು. ಐದನೆಯದನ್ನೂ ಸೇರಿಸಿ: ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಹೇಗೆ ಹೊರಗೆ ಬಂದಿರಿ. ನಾನಂತೂ ಜಾಸ್ತಿ ಕೇಳುವುದು ಇದನ್ನೇ. ಸ್ವಂತ ಕೈಯಿಂದ ಮಾಡಿದವರಿಗೆ ಮಾತ್ರ ಇದಕ್ಕೆ ಉತ್ತರ ಗೊತ್ತಿರುತ್ತದೆ.

ಹೆಜ್ಜೆ 3: ಬಾಯಿಬಿಟ್ಟು ಯೋಚಿಸುವ ಅಭ್ಯಾಸ

ಇದನ್ನು ಓದಿ ಕಲಿಯಲು ಆಗುವುದಿಲ್ಲ, ಈಜಿನ ಹಾಗೆ. ಸಂಜೆ ಅಮಾನಿಕೆರೆ ಸುತ್ತ ನಡೆಯುವಾಗ ಒಂದು ಪ್ರಶ್ನೆ ತೆಗೆದುಕೊಂಡು ನಿಮಗೆ ನೀವೇ ಹೇಳುತ್ತಾ ಹೋಗಿ. ಮನೆಯಲ್ಲಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲ ಕೇಳಲು ಮುಜುಗರ ಆಗುತ್ತದೆ. ಮೂರನೇ ದಿನಕ್ಕೆ ಸರಿಹೋಗುತ್ತದೆ.

ಮೊದಲು ಕನ್ನಡದಲ್ಲೇ ಮಾಡಿ. ಇದನ್ನು ಒತ್ತಿ ಹೇಳುತ್ತೇನೆ. ಕನ್ನಡ ಮೀಡಿಯಂನಲ್ಲಿ ಓದಿದ ಮಕ್ಕಳು ಎರಡು ಭಾರವನ್ನು ಒಟ್ಟಿಗೆ ಹೊರುತ್ತಾರೆ, ಲೆಕ್ಕವನ್ನೂ ಬಿಡಿಸಬೇಕು, ಇಂಗ್ಲಿಷ್ ವಾಕ್ಯವನ್ನೂ ಕಟ್ಟಬೇಕು. ಎರಡೂ ಕೈಬಿಟ್ಟು ಹೋಗುತ್ತವೆ. ಎರಡು ವಾರ ಕನ್ನಡದಲ್ಲಿ ಯೋಚನೆಯನ್ನು ಜೋರಾಗಿ ಹೇಳಿ. ಯೋಚನೆಯ ದಾರಿ ಗಟ್ಟಿಯಾದ ಮೇಲೆ ಅದೇ ಪ್ರಶ್ನೆಯನ್ನು ಇಂಗ್ಲಿಷ್‌ನಲ್ಲಿ ಹೇಳಿ. ಸಣ್ಣ ಸಣ್ಣ ವಾಕ್ಯ ಸಾಕು. ವ್ಯಾಕರಣ ತಪ್ಪಿತು ಅಂತ ಯಾರನ್ನೂ ನಾನು ತಿರಸ್ಕರಿಸಿಲ್ಲ, ಮಾತೇ ಆಡದಿದ್ದಾಗ ಏನೂ ಮಾಡಲು ಆಗಿಲ್ಲ.

ಹೆಜ್ಜೆ 4: ಕೋಡಿಂಗ್ ಪ್ರಶ್ನೆ, ಒಂದನ್ನು ಹತ್ತಿರದಿಂದ ನೋಡೋಣ

ಇದೊಂದು ಹಳೆಯ ಪ್ರಶ್ನೆ. ಫ್ರೆಷರ್‌ಗಳಿಗೆ ತುಂಬಾ ಕಡೆ ಕೇಳುತ್ತಾರೆ. ಅಂಗಡಿಯ ಬೆಲೆ ಪಟ್ಟಿ ಕೊಟ್ಟಿದ್ದಾರೆ: 35, 20, 65, 80, 50. ಯಾವ ಎರಡು ಸಾಮಾನಿನ ಬೆಲೆ ಸೇರಿದರೆ ಸರಿಯಾಗಿ 100 ರೂಪಾಯಿ ಆಗುತ್ತದೆ?

ಕೀಬೋರ್ಡ್‌ಗೆ ಕೈ ಹಾಕಬೇಡಿ. ಮೊದಲು ಕೇಳಿ. ಒಂದು ಜೋಡಿ ಸಾಕೋ, ಎಲ್ಲ ಜೋಡಿ ಬೇಕೋ? ಜೋಡಿ ಸಿಗದಿದ್ದರೆ ಏನು ಕೊಡಬೇಕು? ಒಂದೇ ಸಾಮಾನನ್ನು ಎರಡು ಸಲ ತೆಗೆದುಕೊಳ್ಳಬಹುದೇ? ಪಟ್ಟಿ ಎಷ್ಟು ಉದ್ದ? ಈ ನಾಲ್ಕು ಪ್ರಶ್ನೆಗೆ ಒಂದು ನಿಮಿಷ ಸಾಕು. ಎದುರಿಗಿರುವವರಿಗೆ ಆಗಲೇ ನಿಮ್ಮ ಬಗ್ಗೆ ಒಂದು ಅಂದಾಜು ಸಿಕ್ಕಿರುತ್ತದೆ.

ಆಮೇಲೆ ಸುಲಭದ ದಾರಿಯನ್ನು ಹೇಳಿಬಿಡಿ: "ಪ್ರತಿಯೊಂದನ್ನೂ ಉಳಿದ ಎಲ್ಲದರ ಜೊತೆ ಕೂಡಿಸಿ ನೋಡಬಹುದು." ಇದು ದಡ್ಡತನ ಅಂತ ಮುಚ್ಚಿಡಬೇಡಿ. ಹೇಳಿ, ಅದರ ಖರ್ಚನ್ನೂ ಹೇಳಿ. ಪಟ್ಟಿಯಲ್ಲಿ 1 ಲಕ್ಷ ಸಾಮಾನಿದ್ದರೆ ಹತ್ತಿರ ಹತ್ತಿರ 500 ಕೋಟಿ ಜೋಡಿ ಆಗುತ್ತದೆ. ಕಂಪ್ಯೂಟರ್ ಸೆಕೆಂಡಿಗೆ ಸುಮಾರು 10 ಕೋಟಿ ಸಣ್ಣ ಲೆಕ್ಕ ಮಾಡುತ್ತದೆ ಅಂದುಕೊಂಡರೂ 50 ಸೆಕೆಂಡ್ ಬೇಕು. ಗಿರಾಕಿ ಅಷ್ಟು ಹೊತ್ತು ಕಾಯುವುದಿಲ್ಲ.

ಈಗ ಒಳ್ಳೆಯ ದಾರಿ. 35 ಕೈಯಲ್ಲಿದ್ದರೆ ನನಗೆ ಬೇಕಿರುವುದು 65 ಒಂದೇ. ಅದನ್ನು ಮುಂಚೆ ನೋಡಿದ್ದೇನೆಯೇ ಅಂತ ಒಂದು ಚೀಟಿಯಲ್ಲಿ ಹುಡುಕಿದರೆ ಆಯಿತು. ಆ ಚೀಟಿಯೇ ಹ್ಯಾಶ್ ಮ್ಯಾಪ್. 35 ಬಂತು, 65 ಬೇಕು, ಚೀಟಿಯಲ್ಲಿಲ್ಲ, 35 ಬರೆದುಕೊಳ್ಳುತ್ತೇನೆ. 20 ಬಂತು, 80 ಬೇಕು, ಇಲ್ಲ, ಬರೆದುಕೊಳ್ಳುತ್ತೇನೆ. 65 ಬಂತು, 35 ಬೇಕು, ಇದೆ. ಸಿಕ್ಕಿತು. 1 ಲಕ್ಷ ಸಾಮಾನಿದ್ದರೂ ಪಟ್ಟಿಯನ್ನು ಒಂದೇ ಸಲ ದಾಟಿದರೆ ಸಾಕು. ಬದಲಿಗೆ ಚೀಟಿಗೆ ಜಾಗ ಬೇಕು, ಅಂದರೆ ಮೆಮೊರಿ ಖರ್ಚಾಗುತ್ತದೆ. ಈ ಕೊಡು-ಕೊಳ್ಳುವ ಲೆಕ್ಕವನ್ನು ನೀವೇ ಬಾಯಿಬಿಟ್ಟು ಹೇಳಬೇಕು.

ಇಲ್ಲೊಂದು ಸೂಕ್ಷ್ಮ ಇದೆ. ಮೊದಲು ಹುಡುಕಿ, ಆಮೇಲೆ ಬರೆಯಬೇಕು. ತಿರುಗಾಮುರುಗ ಮಾಡಿದರೆ 50 ಬಂದಾಗ ಏನಾಗುತ್ತದೆ? ಅದನ್ನು ಚೀಟಿಯಲ್ಲಿ ಬರೆದು, ಆಮೇಲೆ 50 ಹುಡುಕುತ್ತೀರಿ. ಸಿಗುತ್ತದೆ! ಅದು ತನಗೆ ತಾನೇ ಜೋಡಿಯಾಗಿರುತ್ತದೆ. ಇದನ್ನು ತಾನಾಗೇ ಗಮನಿಸಿ ಹೇಳಿದ ಹುಡುಗಿ ಒಬ್ಬಳು ನಮ್ಮ ಟೇಬಲ್‌ನಲ್ಲಿ ಕೂತಿದ್ದಳು. ಇವಳಿಗೆ ಕೆಲಸ ಸಿಗುತ್ತದೆ ಅಂತ ಅವತ್ತೇ ಅನ್ನಿಸಿತು.

ಕೋಡ್ ಬರೆದ ಮೇಲೆ "ಆಯ್ತು ಸರ್" ಅನ್ನಬೇಡಿ. ಖಾಲಿ ಪಟ್ಟಿ ಕೊಟ್ಟರೆ? ಒಂದೇ ಸಾಮಾನಿದ್ದರೆ? ಎರಡು ಸಾಮಾನಿನ ಬೆಲೆ ಒಂದೇ ಇದ್ದರೆ? ಬೆರಳಿಟ್ಟು ಸಾಲು ಸಾಲಾಗಿ ನಡೆಸಿ ತೋರಿಸಿ. ಸಿಕ್ಕಿಹಾಕಿಕೊಂಡರೆ ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ ಅಂತ ಹೇಳಿ. ಸುಳಿವು ಕೊಟ್ಟರೆ ತೆಗೆದುಕೊಳ್ಳಿ. ಸುಳಿವು ಕೊಟ್ಟಾಗ ನೀವು ಅದನ್ನು ಹೇಗೆ ಹಿಡಿದುಕೊಳ್ಳುತ್ತೀರಿ ಅನ್ನುವುದನ್ನೂ ನೋಡುತ್ತಿರುತ್ತಾರೆ.

ಏನೇನು ಓದಬೇಕು? ಅರೇ, ಸ್ಟ್ರಿಂಗ್, ಹ್ಯಾಶ್ ಮ್ಯಾಪ್, ಲಿಂಕ್ಡ್ ಲಿಸ್ಟ್, ಸ್ಟ್ಯಾಕ್, ಕ್ಯೂ, ಟ್ರೀ, ಗ್ರಾಫ್. ಜೊತೆಗೆ ಸಾರ್ಟಿಂಗ್, ಬೈನರಿ ಸರ್ಚ್, ರಿಕರ್ಷನ್. ಡೈನಾಮಿಕ್ ಪ್ರೋಗ್ರಾಮಿಂಗ್ ಕೊನೆಗೆ. 500 ಪ್ರಶ್ನೆ ಬಿಡಿಸಿದೆ ಅನ್ನುವುದಕ್ಕಿಂತ 80 ಪ್ರಶ್ನೆಯನ್ನು ಹೀಗೆ ಬಾಯಿಬಿಟ್ಟು ಬಿಡಿಸಿದವರು ಚೆನ್ನಾಗಿ ಮಾಡುತ್ತಾರೆ. ಇದು ನನ್ನ ಟೇಬಲ್‌ನಲ್ಲಿ ನೋಡಿದ ಮಾತು.

ಬೈನರಿ ಸರ್ಚ್ ಸುಲಭ ಅಂತ ಬಿಡಬೇಡಿ. ಸಾಲಾಗಿ ಜೋಡಿಸಿದ 10 ಲಕ್ಷ ಹೆಸರಿನಲ್ಲಿ ಒಂದನ್ನು 20 ಸಲ ನೋಡುವುದರೊಳಗೆ ಹುಡುಕಬಹುದು, ಯಾಕೆಂದರೆ ಪ್ರತಿ ಸಲವೂ ಅರ್ಧ ಪಟ್ಟಿ ಬಿಟ್ಟುಹೋಗುತ್ತದೆ. ಆದರೆ ಮಧ್ಯದ ಜಾಗ ಹುಡುಕಲು ಎಡ ಬಲ ತುದಿಗಳ ಸ್ಥಾನದ ಸಂಖ್ಯೆ ಎರಡನ್ನೂ ಕೂಡಿ ಎರಡರಿಂದ ಭಾಗಿಸಿದರೆ, ಜಾವಾದಂಥ ಭಾಷೆಯಲ್ಲಿ ಪಟ್ಟಿ ತೀರಾ ದೊಡ್ಡದಿದ್ದಾಗ ಮೊತ್ತ ಮಾಮೂಲಿ ಪೂರ್ಣಾಂಕ (int) ಹಿಡಿಯಬಲ್ಲ ಸುಮಾರು 214 ಕೋಟಿಯ ಮಿತಿ ದಾಟಿ ಲೆಕ್ಕ ತಪ್ಪುತ್ತದೆ. ಎಡಕ್ಕೆ, ಎರಡರ ನಡುವಿನ ಅಂತರದ ಅರ್ಧವನ್ನು ಕೂಡಿಸುವುದು ಸರಿಯಾದ ಕ್ರಮ.

ಇನ್ನುಳಿದದ್ದು ಮೂಲ ವಿಷಯಗಳು. ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಜಾಯಿನ್, ಗ್ರೂಪ್ ಬೈ, ವೇರ್ ಮತ್ತು ಹ್ಯಾವಿಂಗ್ ನಡುವಿನ ವ್ಯತ್ಯಾಸ. ವೇರ್ ಗುಂಪು ಮಾಡುವ ಮುಂಚೆ ಸೋಸುತ್ತದೆ, ಹ್ಯಾವಿಂಗ್ ಗುಂಪು ಮಾಡಿದ ಮೇಲೆ. ಪ್ರೊಸೆಸ್‌ಗೂ ಥ್ರೆಡ್‌ಗೂ ಏನು ವ್ಯತ್ಯಾಸ. ಬ್ರೌಸರ್‌ನಲ್ಲಿ ವಿಳಾಸ ಟೈಪ್ ಮಾಡಿ ಎಂಟರ್ ಒತ್ತಿದ ಮೇಲೆ ಏನೇನು ನಡೆಯುತ್ತದೆ. ಈ ಕೊನೆಯದನ್ನು ಐದು ನಿಮಿಷ ತಡೆಯಿಲ್ಲದೆ ಹೇಳಲು ಕಲಿಯಿರಿ. ವೆಬ್‌ಸೈಟಿನ ಹೆಸರನ್ನು ನಂಬರ್ ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್‌ನಿಂದ ಶುರುವಾಗಿ ಪುಟ ತೆರೆಯುವವರೆಗೆ ಹೇಳುವಷ್ಟರಲ್ಲಿ ಅರ್ಧ ನೆಟ್‌ವರ್ಕಿಂಗ್ ಓದಿದ ಹಾಗೆ ಆಗುತ್ತದೆ.

ಹೆಜ್ಜೆ 5: ಕಾರ್ಖಾನೆ ಕೆಲಸದ ಇಂಟರ್‌ವ್ಯೂ

ಟೆಕ್ನಿಕಲ್ ಅಂದರೆ ಎಲ್ಲರೂ ಸಾಫ್ಟ್‌ವೇರ್ ಅಂದುಕೊಳ್ಳುತ್ತಾರೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ದಿನಾ ಬಸ್ಸು ತುಂಬಿ ಹೋಗುವವರೂ ಟೆಕ್ನಿಕಲ್ ಇಂಟರ್‌ವ್ಯೂ ಕೊಟ್ಟೇ ಹೋಗುತ್ತಾರೆ. ಅವರಿಗೆ ಮಾರ್ಗದರ್ಶನ ಮಾಡುವವರು ಕಡಿಮೆ.

ಅಲ್ಲಿ ಮೇಜಿನ ಮೇಲೆ ಒಂದು ವರ್ನಿಯರ್ ಇಟ್ಟು "ಅಳತೆ ತೆಗೆಯಿರಿ" ಅನ್ನಬಹುದು. ಮಾಮೂಲಿ ವರ್ನಿಯರ್‌ನ ಲೀಸ್ಟ್ ಕೌಂಟ್, ಅಂದರೆ ಅದು ಅಳೆಯಬಲ್ಲ ಅತಿ ಸಣ್ಣ ಅಳತೆ, 0.02 ಮಿ.ಮೀ., ಮೈಕ್ರೋಮೀಟರ್‌ನದು 0.01 ಮಿ.ಮೀ. ಇದನ್ನು ಬಾಯಿಪಾಠ ಹೇಳುವುದಲ್ಲ. ಕೈಯಲ್ಲಿ ಹಿಡಿದು, ಮೊದಲು ಝೀರೋ ಎರರ್ (ಏನೂ ಹಿಡಿಯದೆ ಮುಚ್ಚಿದಾಗ ಸೊನ್ನೆ ತೋರಿಸುತ್ತದೆಯೇ ಅಂತ) ನೋಡಿ, ಆಮೇಲೆ ಅಳೆಯಬೇಕು. ಎಷ್ಟೋ ಜನ ಝೀರೋ ಎರರ್ ನೋಡುವುದನ್ನೇ ಮರೆಯುತ್ತಾರೆ. ನೋಡುವುದು ನೆನಪಾದರೆ ಸಾಲದು, "ಮೊದಲು ಝೀರೋ ನೋಡ್ತಿದ್ದೇನೆ ಸರ್" ಅಂತ ಹೇಳಿಯೇ ನೋಡಿ.

ಲೈನ್‌ನ ಲೆಕ್ಕವನ್ನೂ ಕೇಳುತ್ತಾರೆ. ಎಂಟು ಗಂಟೆಯ ಶಿಫ್ಟು, ಅರ್ಧ ಗಂಟೆ ಬಿಡುವು, 900 ಪೀಸ್ ಬೇಕು. ಒಂದು ಪೀಸ್‌ಗೆ ಎಷ್ಟು ಹೊತ್ತು? 450 ನಿಮಿಷ ಅಂದರೆ 27,000 ಸೆಕೆಂಡ್, 900ರಿಂದ ಭಾಗಿಸಿದರೆ 30 ಸೆಕೆಂಡ್. ಇದಕ್ಕೆ ಟ್ಯಾಕ್ಟ್ ಟೈಮ್ ಅನ್ನುತ್ತಾರೆ. ಯಾವುದೋ ಒಂದು ಸ್ಟೇಷನ್‌ನಲ್ಲಿ 38 ಸೆಕೆಂಡ್ ಹಿಡಿಯುತ್ತಿದೆ ಅಂದರೆ ಅಲ್ಲೇ ಲೈನ್ ಕಟ್ಟಿಕೊಳ್ಳುತ್ತಿದೆ.

"ಕಳೆದ ವಾರ ರಿಜೆಕ್ಷನ್ 2% ಇತ್ತು, ಈ ವಾರ 5%. ಏನು ಮಾಡುತ್ತೀರಿ?" ಇದು ಕಾರ್ಖಾನೆಯ ಕೇಸ್ ಸ್ಟಡಿ. ಇಲ್ಲಿ ಮೊದಲು ಕೈಗೆ ಸಿಗುವುದು ನಾಲ್ಕು ಎಂ: ಮನುಷ್ಯ, ಮಷಿನ್, ಮೆಟೀರಿಯಲ್, ಮೆಥಡ್. ಹೊಸ ಆಪರೇಟರ್ ಬಂದರೇ? ಟೂಲ್ ಸವೆದಿದೆಯೇ? ಹೊಸ ಲಾಟ್ ಬಂತೇ? ಕ್ರಮ ಬದಲಾಯಿತೇ? ಆದರೆ ಈ ಪಟ್ಟಿ ಒಪ್ಪಿಸುವ ಮುಂಚೆ ಒಂದು ಪ್ರಶ್ನೆ ಕೇಳಿ: "ರಿಜೆಕ್ಷನ್ ಎಲ್ಲ ಶಿಫ್ಟ್‌ನಲ್ಲೂ ಜಾಸ್ತಿ ಆಗಿದೆಯಾ, ಒಂದೇ ಶಿಫ್ಟ್‌ನಲ್ಲಾ?" ಈ ಒಂದು ಪ್ರಶ್ನೆಗೆ ಅರ್ಧ ಕೇಸ್ ಬಿಚ್ಚಿಕೊಳ್ಳುತ್ತದೆ.

ಹೆಜ್ಜೆ 6: ಅಂದಾಜಿನ ಪ್ರಶ್ನೆ

ಕನ್ಸಲ್ಟಿಂಗ್, ಅನಲಿಸ್ಟ್, ಪ್ರಾಡಕ್ಟ್ ಕೆಲಸಗಳಿಗೆ ಹೋಗುವವರಿಗೆ ಇದು ಗ್ಯಾರಂಟಿ. "ತುಮಕೂರಿನಲ್ಲಿ ದಿನಕ್ಕೆ ಎಷ್ಟು ತಟ್ಟೆ ಇಡ್ಲಿ ಮಾರಾಟ ಆಗುತ್ತದೆ?" ಸರಿ ಉತ್ತರ ಅವರಿಗೂ ಗೊತ್ತಿಲ್ಲ. ಬೇಕಿರುವುದು ನಿಮ್ಮ ದಾರಿ.

ನಗರದ ಜನಸಂಖ್ಯೆ 2011ರ ಜನಗಣತಿಯಲ್ಲಿ 3 ಲಕ್ಷದ ಆಸುಪಾಸು. ಈಗ 4 ಲಕ್ಷ ಅಂತ ಇಟ್ಟುಕೊಳ್ಳೋಣ. ಹತ್ತರಲ್ಲಿ ಒಬ್ಬರು ಬೆಳಗ್ಗೆ ಹೊರಗೆ ತಿಂಡಿ ತಿನ್ನುತ್ತಾರೆ ಅಂದರೆ 40,000. ಅದರಲ್ಲಿ ಅರ್ಧ ಜನ ತಟ್ಟೆ ಇಡ್ಲಿ ಅಂದರೆ 20,000. ತಲೆಗೆ ಎರಡು ಹಿಡಿದರೆ 40,000 ಇಡ್ಲಿ. ಕ್ಯಾತ್ಸಂದ್ರದಲ್ಲಿ ಹೈವೇ ಮೇಲೆ ಹೋಗುವವರು ನಿಲ್ಲಿಸಿ ತಿನ್ನುತ್ತಾರಲ್ಲ, ಅದಕ್ಕೆ 5,000 ಸೇರಿಸಿ. ಒಟ್ಟು 45,000.

ಇಲ್ಲಿಗೆ ನಿಲ್ಲಿಸಬೇಡಿ. ಇನ್ನೊಂದು ಕಡೆಯಿಂದ ಬಂದು ತಾಳೆ ನೋಡಿ. ಹೋಟೆಲು, ಗಾಡಿ ಎಲ್ಲ ಸೇರಿ 250 ಕಡೆ ಮಾಡುತ್ತಾರೆ, ಒಂದೊಂದು ಕಡೆ ಸರಾಸರಿ 200 ಇಡ್ಲಿ ಅಂದರೆ 50,000. ಎರಡೂ ಹತ್ತಿರ ಹತ್ತಿರ ಇವೆ. ಒಂದು 45,000, ಇನ್ನೊಂದು 5 ಲಕ್ಷ ಬಂದಿದ್ದರೆ ಯಾವುದೋ ಊಹೆ ಹಳಿ ತಪ್ಪಿದೆ ಅಂತ ಅರ್ಥ. ಅದನ್ನೂ ಬಾಯಿಬಿಟ್ಟು ಹೇಳಿ, ಹಿಂದಕ್ಕೆ ಹೋಗಿ ಸರಿಮಾಡಿ.

ಇನ್ನೊಂದು ಉದಾಹರಣೆ, ಬಲೆ ಇರುವಂಥದ್ದು. ಪಾವಗಡದ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಅದು ಎಷ್ಟು ಮನೆಗೆ ಕರೆಂಟ್ ಕೊಡಬಹುದು? ಅವಸರದಲ್ಲಿ 24 ಗಂಟೆಯಿಂದ ಗುಣಿಸುತ್ತಾರೆ. ರಾತ್ರಿ ಸೂರ್ಯ ಎಲ್ಲಿರುತ್ತಾನೆ? ಬೆಳಗ್ಗೆ, ಸಂಜೆ, ಮೋಡದ ಹೊತ್ತು ಎಲ್ಲ ಕಳೆದು ಪೂರ್ತಿ ಸಾಮರ್ಥ್ಯದ ಐದನೇ ಒಂದು ಭಾಗ ಸಿಗುತ್ತದೆ ಅಂತ ಹಿಡಿದರೆ ದಿನಕ್ಕೆ ಸುಮಾರು 98 ಲಕ್ಷ ಯೂನಿಟ್. ಮನೆಗೆ ದಿನಕ್ಕೆ 4 ಯೂನಿಟ್ ಅಂದರೆ ಹತ್ತಿರ ಹತ್ತಿರ 25 ಲಕ್ಷ ಮನೆ.

ಹೆಜ್ಜೆ 7: ಕೇಸ್ ಸ್ಟಡಿ, ಒಂದನ್ನು ಪೂರ್ತಿ ಬಿಡಿಸೋಣ

ಇದನ್ನು ನಾನೇ ಕಟ್ಟಿದ್ದು, ಅಂಕಿಗಳೂ ನನ್ನವೇ. "ಕ್ಯಾತ್ಸಂದ್ರದ ಒಂದು ತಟ್ಟೆ ಇಡ್ಲಿ ಹೋಟೆಲ್. ಗಿರಾಕಿಗಳು ಜಾಸ್ತಿ ಆಗಿದ್ದಾರೆ, ಆದರೆ ಲಾಭ ಇಳಿದಿದೆ. ಯಾಕೆ? ಏನು ಮಾಡಬೇಕು?"

ಮೊದಲ ಕೆಲಸ, ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ. ಎರಡನೆಯದು, "ಒಂದು ನಿಮಿಷ ಯೋಚನೆ ಮಾಡಿ ಬರೆದುಕೊಳ್ಳಲಾ?" ಅಂತ ಕೇಳಿ. ಖಂಡಿತ ಬಿಡುತ್ತಾರೆ. ಆ ನಿಮಿಷದಲ್ಲಿ ಪೇಪರ್ ಮೇಲೆ ಎರಡು ಕೊಂಬೆ ಎಳೆಯಿರಿ: ಬರುವ ದುಡ್ಡು, ಹೋಗುವ ದುಡ್ಡು. ಬರುವುದರ ಕೆಳಗೆ ಗಿರಾಕಿಗಳ ಸಂಖ್ಯೆ ಮತ್ತು ತಲಾ ಬಿಲ್. ಹೋಗುವುದರ ಕೆಳಗೆ ಅಕ್ಕಿ, ಉದ್ದು, ಗ್ಯಾಸು, ಸಂಬಳ, ಬಾಡಿಗೆ, ಇತರೆ.

ಈಗ ಅಂಕಿ ಕೇಳಿ. ಹೋದ ವರ್ಷ ದಿನಕ್ಕೆ 500 ಗಿರಾಕಿ, ತಲಾ 60 ರೂಪಾಯಿ, ತಿಂಗಳಿಗೆ 9 ಲಕ್ಷ. ಖರ್ಚು 7 ಲಕ್ಷ, ಲಾಭ 2 ಲಕ್ಷ. ಈ ವರ್ಷ 540 ಗಿರಾಕಿ, ಬಿಲ್ ಅಷ್ಟೇ, ತಿಂಗಳಿಗೆ 9,72,000. ಖರ್ಚು 8,52,000. ಲಾಭ 1,20,000. ಅಂದರೆ ದುಡ್ಡು ಬರುವುದು 72,000 ಜಾಸ್ತಿ ಆಗಿದೆ, ಹೋಗುವುದು 1,52,000 ಜಾಸ್ತಿ ಆಗಿದೆ. "ಹಾಗಾದರೆ ಸಮಸ್ಯೆ ಖರ್ಚಿನ ಕೊಂಬೆಯಲ್ಲಿದೆ, ಅಲ್ಲಿ ಹುಡುಕುತ್ತೇನೆ" ಅಂತ ಜೋರಾಗಿ ಹೇಳಿ. ಕೊಂಬೆ ಆರಿಸಿಕೊಂಡಿದ್ದು ಯಾಕೆ ಅಂತ ಅವರಿಗೆ ಕೇಳಿಸಬೇಕು.

ಯಾವ ಖರ್ಚು ಏರಿತು ಅಂತ ಕೇಳಿದಾಗ ಹೀಗೆ ಬಿಚ್ಚಿಕೊಳ್ಳುತ್ತದೆ. ಹೋಟೆಲ್‌ನವರು ಹೊಸದಾಗಿ ಮೊಬೈಲ್ ಆ್ಯಪ್‌ನಲ್ಲಿ ಪಾರ್ಸೆಲ್ ಶುರು ಮಾಡಿದ್ದಾರೆ. ದಿನಕ್ಕೆ 140 ಆರ್ಡರ್ ಅಲ್ಲಿಂದ ಬರುತ್ತದೆ. ಕಮಿಷನ್ 25%, ಅಂದರೆ 60ರ ಬಿಲ್‌ಗೆ 15 ರೂಪಾಯಿ, ತಿಂಗಳಿಗೆ 63,000. ಡಬ್ಬಿ ಕವರ್‌ಗೆ 5 ರೂಪಾಯಿ, ತಿಂಗಳಿಗೆ 21,000. ಪಾರ್ಸೆಲ್ ಕಟ್ಟಲು ಒಬ್ಬ ಹುಡುಗ, ಸಂಬಳ 15,000. ಹೊಸ 40 ಗಿರಾಕಿಗಳ ತಿಂಡಿಗೆ ಸಾಮಾನು, ತಲಾ 24 ರೂಪಾಯಿಯಂತೆ 28,800. ಉಳಿದ 24,200 ಅಕ್ಕಿ ಉದ್ದಿನ ಬೆಲೆ ಏರಿದ್ದಕ್ಕೆ. ಒಟ್ಟು 1,52,000. ಲೆಕ್ಕ ಕೂಡಿತು.

ಇಲ್ಲಿಗೆ ಬಂದವರಲ್ಲಿ ಹೆಚ್ಚಿನವರು "ಆ್ಯಪ್ ನಿಲ್ಲಿಸಿ" ಅನ್ನುತ್ತಾರೆ. ಒಂದು ಹೆಜ್ಜೆ ಮುಂದೆ ಹೋಗಿ. ಗಿರಾಕಿ ಹೆಚ್ಚಿದ್ದು 40. ಆ್ಯಪ್ ಆರ್ಡರ್ 140. ಹಾಗಾದರೆ ಉಳಿದ 100 ಜನ ಯಾರು? ಮುಂಚೆ ಅಂಗಡಿಗೇ ಬರುತ್ತಿದ್ದವರು! ಅವರು ಈಗ ಮನೆಯಲ್ಲಿ ಕೂತು ತರಿಸಿಕೊಳ್ಳುತ್ತಿದ್ದಾರೆ. ಒಬ್ಬೊಬ್ಬರ ಮೇಲೂ ಕಮಿಷನ್ 15, ಡಬ್ಬಿ 5, ಸೇರಿ 20 ರೂಪಾಯಿ ಸುಮ್ನೆ ಹೋಗುತ್ತಿದೆ. ದಿನಕ್ಕೆ 2,000, ತಿಂಗಳಿಗೆ 60,000.

ಹೊಸ 40 ಜನರ ಲೆಕ್ಕ ಬೇರೆ. 60ರಲ್ಲಿ ಸಾಮಾನು 24, ಕಮಿಷನ್ 15, ಡಬ್ಬಿ 5 ಕಳೆದರೆ 16 ಉಳಿಯುತ್ತದೆ. ದಿನಕ್ಕೆ 640, ತಿಂಗಳಿಗೆ 19,200 ಲಾಭ. ಹಾಗಾಗಿ ಹೊಸಬರನ್ನು ತಂದ ಮಟ್ಟಿಗೆ ಆ್ಯಪ್ ಒಳ್ಳೆಯದೇ ಮಾಡಿದೆ. ಪೆಟ್ಟು ಬಿದ್ದಿದ್ದು ಹಳೆಯ ಗಿರಾಕಿಗಳು ಆ ಕಡೆ ವಾಲಿದ್ದಕ್ಕೆ. 19,200 ಬಂತು, 60,000 ಮತ್ತು 15,000 ಹೋಯಿತು, ಬೆಲೆ ಏರಿಕೆಗೆ 24,200 ಹೋಯಿತು. ನಿವ್ವಳ 80,000 ನಷ್ಟ. ಲಾಭ 2 ಲಕ್ಷದಿಂದ 1,20,000ಕ್ಕೆ ಇಳಿದಿದ್ದು ಹೀಗೆ.

ಕೊನೆಗೆ ಸಲಹೆ. "ಆ್ಯಪ್ ಮುಚ್ಚಬೇಡಿ. ಹಳೆಯ ಗಿರಾಕಿಗಳನ್ನು ವಾಪಸ್ ಕರೆತನ್ನಿ. ಫೋನ್‌ನಲ್ಲಿ ಹೇಳಿದರೆ ಹತ್ತು ನಿಮಿಷದಲ್ಲಿ ಕಟ್ಟಿಟ್ಟಿರುತ್ತೇವೆ, ಡಬ್ಬಿ ತಂದರೆ ಚಟ್ನಿ ಜಾಸ್ತಿ ಅಂತ ಬೋರ್ಡ್ ಹಾಕಿ. ಆ್ಯಪ್‌ನಲ್ಲಿ ದರ ಸ್ವಲ್ಪ ಏರಿಸಿ." ಅಪಾಯವನ್ನೂ ಹೇಳಿ: ದರ ಏರಿಸಿದರೆ ಹೊಸ 40ರಲ್ಲಿ ಕೆಲವರು ಬಿಡಬಹುದು, ಅದಕ್ಕೇ ಒಂದು ತಿಂಗಳು ಮಾಡಿ ನೋಡೋಣ.

ನೆನಪಿಡಿ, ಈ ಕೇಸ್‌ನಲ್ಲಿ ಬಂದ ಗಣಿತ ಏಳನೇ ಕ್ಲಾಸಿನದು. ಆ "ಉಳಿದ 100 ಜನ ಯಾರು?" ಅನ್ನುವ ಪ್ರಶ್ನೆ ಮಾತ್ರ ಯಾವ ಕ್ಲಾಸಿನಲ್ಲೂ ಹೇಳಿಕೊಡುವುದಿಲ್ಲ. ಅದನ್ನು ಬೆಳೆಸಿಕೊಳ್ಳಲು ನಮ್ಮೂರೇ ಸಾಕು. ತಿಪಟೂರಿನ ಕೊಬ್ಬರಿ ವ್ಯಾಪಾರಿ ಇವತ್ತು ಮಾರಬೇಕೋ ಕಾಯಬೇಕೋ? ಪಾವಗಡದಲ್ಲಿ ರೈತರ ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ತೆಗೆದುಕೊಂಡರಲ್ಲ, ಅದರಿಂದ ಯಾರಿಗೆ ಏನು ಅನುಕೂಲ? ಮನೆಯಲ್ಲಿ ಅಂಗಡಿ, ಹಸು, ತೋಟ ಇರುವ ಮಕ್ಕಳಿಗೆ ಈ ಲೆಕ್ಕ ರಕ್ತದಲ್ಲೇ ಇದೆ. ಅಪ್ಪನ ಹತ್ತಿರ ಕೂತು ಕೇಳಿ.

ಹೆಜ್ಜೆ 8: ಆರು ವಾರದ ವೇಳಾಪಟ್ಟಿ

ಮೊದಲ ಎರಡು ವಾರ ಮೂಲ ವಿಷಯ ಮತ್ತು ದಿನಕ್ಕೆ ಎರಡು ಪ್ರಶ್ನೆ, ಕನ್ನಡದಲ್ಲಿ ಬಾಯಿಬಿಟ್ಟು. ಮೂರು, ನಾಲ್ಕನೇ ವಾರ ದಿನಕ್ಕೆ ಮೂರು ಪ್ರಶ್ನೆ, ಒಂದು ಅಂದಾಜು, ಇಂಗ್ಲಿಷ್‌ನಲ್ಲಿ. ಕೇಸ್ ರೌಂಡ್ ಇರುವವರು ಪ್ರಶ್ನೆ ಕಡಿಮೆ ಮಾಡಿ ವಾರಕ್ಕೆ ನಾಲ್ಕು ಕೇಸ್ ಮಾಡಿ. ಐದನೇ ವಾರ ಪೂರ್ತಿ ಮಾಕ್, ಅಂದರೆ ಅಭ್ಯಾಸದ ಇಂಟರ್‌ವ್ಯೂ. ಆರನೇ ವಾರ ಹೊಸದು ಏನೂ ಬೇಡ, ತಪ್ಪಿದ್ದನ್ನು ಮಾತ್ರ ಮತ್ತೆ ಮಾಡಿ.

ಮಾಕ್‌ಗೆ ದುಡ್ಡು ಕೊಡಬೇಕಿಲ್ಲ. ಮೂರು ಜನ ಗೆಳೆಯರಿದ್ದರೆ ಸಾಕು: ಒಬ್ಬರು ಕೇಳುವವರು, ಒಬ್ಬರು ಹೇಳುವವರು, ಒಬ್ಬರು ಸುಮ್ನೆ ಬರೆದುಕೊಳ್ಳುವವರು. ಸರದಿ ಬದಲಿಸಿ. ಕೇಳುವ ಜಾಗದಲ್ಲಿ ಕೂತಾಗ ಮಾತಾಡದೆ ಕೂತವರನ್ನು ನೋಡುವುದು ಎಷ್ಟು ಕಷ್ಟ ಅಂತ ನಿಮಗೇ ತಿಳಿಯುತ್ತದೆ. ಬೆಂಗಳೂರಿಗೆ ದಿನಾ ಟ್ರೈನಿನಲ್ಲಿ ಹೋಗಿ ಬರುವವರಾದರೆ ಆ 70 ಕಿಲೋಮೀಟರ್ ನಿಮ್ಮ ಕ್ಲಾಸ್‌ರೂಮ್. ಹೋಗುವಾಗ ಒಂದು ಕೇಸ್, ಬರುವಾಗ ಒಂದು.

ಹೆಜ್ಜೆ 9: ಆ ದಿನ

ಬೆಂಗಳೂರಿನಲ್ಲಿ ಹತ್ತು ಗಂಟೆಗೆ ಇದ್ದರೆ ನೆಲಮಂಗಲ, ಪೀಣ್ಯದ ಟ್ರಾಫಿಕ್ ನಂಬಿ ಹೊರಡಬೇಡಿ. ಬೆಳಗಿನ ಟ್ರೈನು ಹಿಡಿಯಿರಿ, ಅಥವಾ ಹಿಂದಿನ ದಿನವೇ ನೆಂಟರ ಮನೆಗೆ ಹೋಗಿ. ತಿಂಡಿ ತಿಂದೇ ಹೋಗಿ. ಖಾಲಿ ಹೊಟ್ಟೆಯಲ್ಲಿ ಯಾರಿಗೂ ತಲೆ ಓಡುವುದಿಲ್ಲ.

ಆನ್‌ಲೈನ್ ಆದರೆ ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿ, ಮೊಬೈಲ್ ಹಾಟ್‌ಸ್ಪಾಟ್ ಸಿದ್ಧ ಇಟ್ಟುಕೊಳ್ಳಿ. ಕರೆಂಟ್ ಹೋದರೆ ಗಾಬರಿ ಬೇಡ. ಎಚ್‌ಆರ್ ನಂಬರ್ ಒಂದು ಕಾಗದದಲ್ಲಿ ಬರೆದಿಟ್ಟಿರಿ, ಫೋನ್ ಮಾಡಿ ಹೇಳಿ. ಮನೆಯವರಿಗೆ ಒಂದು ಗಂಟೆ ಕುಕ್ಕರ್ ಇಡಬೇಡಿ ಅಂತ ಮೊದಲೇ ಹೇಳಿ.

ಗೊತ್ತಿಲ್ಲದ್ದು ಬಂದರೆ? "ಇದು ನನಗೆ ಗೊತ್ತಿಲ್ಲ, ಆದರೆ ನನಗೆ ಗೊತ್ತಿರುವುದರಿಂದ ಹೀಗಿರಬಹುದು ಅಂತ ಯೋಚಿಸುತ್ತೇನೆ" ಅನ್ನಿ. ಸುಳ್ಳು ಮಾತ್ರ ಬೇಡ. ಮುಂದಿನ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಕೊನೆಗೆ "ನಿಮಗೇನಾದರೂ ಕೇಳಬೇಕಾ?" ಅಂದಾಗ ಇಲ್ಲ ಅನ್ನಬೇಡಿ. ಸೇರಿದ ಮೊದಲ ಆರು ತಿಂಗಳು ಏನು ಕೆಲಸ ಇರುತ್ತದೆ ಅಂತ ಕೇಳಿ. ಇದು ನಿಮಗೂ ಬೇಕಾದ ವಿಷಯ ತಾನೇ?

ಹೆಜ್ಜೆ 10: ಹೊರಗೆ ಬಂದ ಮೇಲೆ

ವಾಪಸ್ ಬರುವಾಗ ಬಸ್ಸಿನಲ್ಲೇ, ಮನೆ ಸೇರುವ ಮುಂಚೆ, ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದುಕೊಳ್ಳಿ. ರಾತ್ರಿ ಆದರೆ ಅರ್ಧ ಮರೆತಿರುತ್ತೀರಿ. ಎಲ್ಲಿ ತಡವರಿಸಿದಿರಿ, ಎಲ್ಲಿ ಮಾತು ನಿಂತುಹೋಯಿತು ಅನ್ನುವುದಕ್ಕೆ ಗುರುತು ಹಾಕಿ. ಮಾರನೇ ದಿನ ಆ ಪ್ರಶ್ನೆಗಳನ್ನು ಕೂತು ಬಿಡಿಸಿ, ಬಾಯಿಬಿಟ್ಟು.

ನಮ್ಮ ಟೇಬಲ್ ಮೇಲೆ ಒಂದು ಹಳೆಯ ನೋಟ್‌ಬುಕ್ ಇದೆ. ಇಂಟರ್‌ವ್ಯೂ ಕೊಟ್ಟು ಬಂದವರೆಲ್ಲ ಅದರಲ್ಲಿ ತಮಗೆ ಕೇಳಿದ ಪ್ರಶ್ನೆ ಬರೆಯುತ್ತಾರೆ, ಕೆಲಸ ಸಿಕ್ಕಿದವರೂ, ಸಿಗದವರೂ. ಮುಂದಿನ ಭಾನುವಾರ ಬಂದವರು ಅದನ್ನು ತೆರೆದು ಶುರು ಮಾಡುತ್ತಾರೆ. ನಿಮ್ಮ ಓಣಿಯಲ್ಲೂ ಅಂಥದ್ದೊಂದು ನೋಟ್‌ಬುಕ್ ಇಡಿ. ಬರೆಯಲು ಮೊದಲ ಪ್ರಶ್ನೆ ಬೇಕಿದ್ದರೆ ಆ 50 ರೂಪಾಯಿಯ ಸಾಮಾನಿನದನ್ನೇ ಬರೆಯಿರಿ.